ತೊಳೆಯಬಾರದಿದ್ದ ತೊಟ್ಟಿ

ಮೇಲಿನ ಮಹಡಿಯ ಆಲ್ದೋನಾ ಅಕ್ಕನಿಗೆ,

ಕೆಳಗಿನ ಮನೆಯ ಸಾವಿತ್ರಮ್ಮ ಬರೆಯುತ್ತಿದ್ದೇನೆ. ನಿನಗೆ ಕನ್ನಡ ಬರುವುದಿಲ್ಲ, ನನಗೆ ಗೊತ್ತು. ಇಪ್ಪತ್ತೇಳು ವರ್ಷ ನಾವಿಬ್ಬರೂ ಮುರುಕು ಸ್ವೀಡಿಷ್‌ನಲ್ಲೇ ಮಾತಾಡಿಕೊಂಡು ಬಂದೆವು. ನನ್ನ ಮುರುಕು ಒಂದು ಬಗೆ, ನಿನ್ನದು ಇನ್ನೊಂದು ಬಗೆ. ಆದರೂ ಈ ದೇಶದವರಿಗೆ ತಿಳಿಯದಿದ್ದದ್ದು ನಮ್ಮಿಬ್ಬರಿಗೆ ತಿಳಿಯುತ್ತಿತ್ತು. ಈಗ ಹೇಳಬೇಕಾದ್ದನ್ನು ಮಾತ್ರ ಆ ಭಾಷೆಯಲ್ಲಿ ಹೇಳಲಾರೆ. ಅಲ್ಲಿ ಕ್ಷಮಿಸು ಎನ್ನುವುದಕ್ಕೆ ಒಂದು ಸಣ್ಣ ಪದ. ಬಸ್ಸಿನಲ್ಲಿ ಯಾರದೋ ಕಾಲು ತುಳಿದರೂ ಅದೇ ಪದ. ನಾನು ಮಾಡಿದ್ದು ಕಾಲು ತುಳಿದಷ್ಟು ಸಣ್ಣದಲ್ಲ. ನೀನೀಗ ಇರುವಲ್ಲಿ ಭಾಷೆಯ ತೊಡಕು ಇರಲಾರದು ಎಂಬ ಧೈರ್ಯದಿಂದ ನನ್ನ ಭಾಷೆಯಲ್ಲೇ ಬರೆಯುತ್ತೇನೆ.

ನನ್ನ ಎದುರಿಗೆ ಒಂದು ಗಾಜಿನ ಭರಣಿ ಇದೆ. ಅದರಲ್ಲಿ ರೈ ಧಾನ್ಯದ ಹಿಟ್ಟಿನ ಗಟ್ಟಿ ಗಂಜಿ, ಮೂರು ಬೆರಳಿನಷ್ಟು. ಇಟ್ಟು ಇವತ್ತಿಗೆ ನಾಲ್ಕನೆಯ ದಿನ. ಒಂದು ಗುಳ್ಳೆಯೂ ಎದ್ದಿಲ್ಲ. ಎದ್ದರೆ ನಿನ್ನ ಅಮ್ಮನ ಹುಳಿಹಿಟ್ಟು, ಬ್ರೆಡ್ಡಿಗೆ ಹಾಕುವ ಆ ಹೆಪ್ಪು, ಉಳಿದಿದೆ ಎಂದು ಅರ್ಥ. ಏಳದಿದ್ದರೆ ಅದನ್ನು ಕೊಂದವಳು ನಾನು. ಬೆಳಗಿನಿಂದ ಎಷ್ಟು ಸಲ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದೆನೋ ಲೆಕ್ಕವಿಲ್ಲ. ನೋಡುತ್ತಾ ಕೂತರೆ ಬೇಗ ಆಗುತ್ತದೆಯೇ? ಆದರೂ ಕೂತಿದ್ದೇನೆ.

ನಾವಿಬ್ಬರೂ ಮೊದಲು ಮಾತಾಡಿದ್ದೇ ಜಗಳದಲ್ಲಿ. ನಿನಗೆ ನೆನಪಿರಬೇಕು. ಭದ್ರಾವತಿಯ ಉಕ್ಕಿನ ಕಾರ್ಖಾನೆ ಬಿಟ್ಟು ನಮ್ಮವರು ಇಲ್ಲಿ ಸ್ವೀಡನ್ನಿಗೆ ಬಂದು ಸ್ಯಾಂಡ್‌ವಿಕೆನ್ನಿನ ಕಾರ್ಖಾನೆಗೆ ಸೇರಿ ಇನ್ನೂ ಎರಡು ತಿಂಗಳಾಗಿರಲಿಲ್ಲ. ಕಟ್ಟಡದ ನೆಲಮಾಳಿಗೆಯಲ್ಲಿ ಎಲ್ಲರಿಗೂ ಸೇರಿದ ಬಟ್ಟೆ ಒಗೆಯುವ ಕೋಣೆ. ಗೋಡೆಯ ಹಲಗೆಯ ಮೇಲೆ ಒಬ್ಬೊಬ್ಬರ ಹೊತ್ತು ಬರೆದಿರುತ್ತಿತ್ತು. ಯಾರ್ಯಾರೋ ಒಗೆದ ಮೆಷಿನ್ನಿಗೆ ನಮ್ಮ ಬಟ್ಟೆ ಹೇಗೆ ಹಾಕುವುದು? ಮೊದಲು ಖಾಲಿ ಮೆಷಿನ್ನನ್ನೇ ಬಿಸಿನೀರಿನಲ್ಲಿ ಒಂದು ಸಲ ಓಡಿಸಿ, ಆಮೇಲೆ ಬಟ್ಟೆ ಹಾಕುತ್ತಿದ್ದೆ. ಅವತ್ತು ನನ್ನ ಹೊತ್ತು ಮುಗಿದು ನಿನ್ನ ಹೊತ್ತು ಶುರುವಾಗಿತ್ತು. ನೀನು ಬುಟ್ಟಿಯನ್ನು ಸೊಂಟಕ್ಕೆ ಒತ್ತಿಕೊಂಡು ಬಾಗಿಲಲ್ಲಿ ನಿಂತಿದ್ದೆ.

“ಏನು ಒಗೀತಿದ್ದೀಯಾ? ಒಳಗೆ ಏನೂ ಕಾಣ್ತಿಲ್ಲ.”

“ಮೆಷಿನ್.”

“ಮೆಷಿನ್ನಿನ ಒಳಗೆ ಮೆಷಿನ್?” ಎಂದು ನೀನು ಬಗ್ಗಿ ನೋಡಿದೆ. “ಹಾಗಾದರೆ ಇದನ್ನು ತೊಳೆದ ನೀರನ್ನು ಯಾರು ತೊಳೀತಾರೆ?”

ನನಗೆ ಮೈಯೆಲ್ಲಾ ಉರಿದಿತ್ತು. ಮನೆಯಲ್ಲಿ ಯಾರೂ ನನ್ನ ಎದುರು ಹಾಗೆ ಮಾತಾಡಿದವರಲ್ಲ, ಆಮೇಲೆ ಬಂದ ಸೊಸೆ, ಅಳಿಯ ಕೂಡ ಮಾತಾಡುವುದಿಲ್ಲ. ಒಂದು ವಾರ ನಿನ್ನನ್ನು ಕಂಡರೆ ಮುಖ ತಿರುಗಿಸಿದೆ. ಎಂಟನೆಯ ದಿನ ನೀನು ಒಂದು ಕಪ್ಪು ಬ್ರೆಡ್ಡು ತಂದು ಬಾಗಿಲಿಗೆ ಇಟ್ಟುಹೋದೆ. ಒಳಗಿನ ಬಿಸಿ ಇನ್ನೂ ಆರಿರಲಿಲ್ಲ. ನೀನು ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುತ್ತೀಯ, ಲಿಥುವೇನಿಯಾದಿಂದ ಒಬ್ಬಳೇ ಬಂದವಳು, ನನಗಿಂತ ನಾಲ್ಕು ವರ್ಷ ದೊಡ್ಡವಳು ಎಂದು ಆಮೇಲೆ ತಿಳಿಯಿತು. ದೊಡ್ಡವರನ್ನು ಹೆಸರು ಹಿಡಿದು ಕರೆಯುವ ರೂಢಿ ನನಗಿಲ್ಲ. ಅಂದಿನಿಂದ ನೀನು ಅಕ್ಕ.

ಮಗನ ಮದುವೆಗೆಂದು ಆರು ತಿಂಗಳು ಊರಿಗೆ ಹೋದಾಗ ನಿನ್ನ ಕೈಗೆ ಒಂದು ಬಟ್ಟಲು ಹೆಪ್ಪು ಕೊಟ್ಟಿದ್ದೆ. ಅದು ನನ್ನ ಅತ್ತೆಯ ಕಾಲದ ಹೆಪ್ಪು. ಭದ್ರಾವತಿಯಿಂದ ಬರುವಾಗ ಬಿಳಿ ಬಟ್ಟೆಯ ಚೂರನ್ನು ಮೊಸರಿನಲ್ಲಿ ಅದ್ದಿ, ಒಣಗಿಸಿ, ಸೀರೆಗಳ ನಡುವೆ ಇಟ್ಟು ತಂದು ಇಲ್ಲಿನ ಹಾಲಿನಲ್ಲಿ ಎಬ್ಬಿಸಿದ್ದು. ನೀನು ಮೊಸರು ತಿನ್ನುವವಳೂ ಅಲ್ಲ. ಆದರೂ ಆರು ತಿಂಗಳು ದಿನ ಬಿಟ್ಟು ದಿನ ಹಾಲು ಬೆಚ್ಚಗೆ ಮಾಡಿ, ಒಂದು ಚಮಚ ಹಾಕಿ, ಕಾಪಾಡಿದೆ. ನಾವು ತಿರುಗಿ ಬಂದ ಬೆಳಿಗ್ಗೆ ಬಟ್ಟಲು ಬಾಗಿಲಲ್ಲಿತ್ತು, ಮೇಲೆ ತಟ್ಟೆ ಮುಚ್ಚಿತ್ತು. ಅದೇ ಗಟ್ಟಿ, ಅದೇ ಹುಳಿ. ನಾನು ಥ್ಯಾಂಕ್ಸ್ ಕೂಡ ಹೇಳಲಿಲ್ಲ. “ತಟ್ಟೆ ಸರಿಯಾಗಿ ಮುಚ್ಚಿರಲಿಲ್ಲ” ಎಂದೆ. ಹೇಳಿದ್ದೆನಲ್ಲವೇ? ಇದನ್ನೆಲ್ಲಾ ಯಾಕೆ ಬರೆಯುತ್ತಿದ್ದೇನೆಂದರೆ, ನೀನು ನನ್ನದನ್ನು ಆರು ತಿಂಗಳು ಬದುಕಿಸಿಟ್ಟೆ, ನಾನು ನಿನ್ನದನ್ನು...

ಏಪ್ರಿಲ್‌ನಲ್ಲಿ ನಿನ್ನನ್ನು ಆಸ್ಪತ್ರೆಗೆ ಸೇರಿಸುವ ದಿನ ನೀನು ಬಟ್ಟೆಬರೆಯ ಚೀಲಕ್ಕಿಂತ ಮೊದಲು ಆ ತೊಟ್ಟಿಯನ್ನು ಎತ್ತಿಕೊಂಡು ಮೆಟ್ಟಿಲಿಳಿದು ಬಂದೆ. ಓಕ್ ಹಲಗೆಗಳನ್ನು ಸುತ್ತಲೂ ನಿಲ್ಲಿಸಿ ಮರದ ಬಳೆ ಬಿಗಿದ ತೊಟ್ಟಿ, ನಮ್ಮ ಕಡೆಯ ಕೊಳಗದ ಗಾತ್ರ. ಒಳಗೋಡೆಗೆಲ್ಲ ಹಿಟ್ಟು ಮೆತ್ತಿ ಒಣಗಿ ಕಂದು ಬಣ್ಣಕ್ಕೆ ತಿರುಗಿತ್ತು. ತಳದಲ್ಲಿ ಹಿಡಿಯಷ್ಟು ಹುಳಿಹಿಟ್ಟು. ಮುಚ್ಚಳ ತೆಗೆದರೆ ಪೆಟ್ಟಿಗೆಯಲ್ಲಿ ಮುಚ್ಚಿಟ್ಟ ಸೇಬಿನ ಸಿಪ್ಪೆಯ ವಾಸನೆ. “ವಾರಕ್ಕೊಂದು ಸಲ ಒಂದು ಹಿಡಿ ಹಿಟ್ಟು, ಬೆಚ್ಚಗಿನ ನೀರು. ಅಷ್ಟೇ” ಎಂದೆ ನೀನು. “ನಾನು ವಾಪಸ್ ಬರದಿದ್ದರೆ ಪ್ಲುಂಗೆಗೆ ತಗೊಂಡು ಹೋಗಿ ಸ್ಟಾಸೆಗೆ ಕೊಡು. ಪೋಸ್ಟಿನಲ್ಲಿ ಬೇಡ. ನಿನ್ನ ಕೈಯಿಂದ.” ಪ್ಲುಂಗೆ ಲಿಥುವೇನಿಯಾದ ನಿನ್ನ ಊರು, ಸ್ಟಾಸೆ ನಿನ್ನ ತಂಗಿ ಎಂದು ಗೊತ್ತಿತ್ತು. ಅಮ್ಮನ ತೊಟ್ಟಿಯನ್ನು ನೀನು ಕೇಳದೆ ಎತ್ತಿಕೊಂಡು ಸ್ವೀಡನ್ನಿಗೆ ಬಂದೆ ಎಂದು ಮಾತು ಬಿಟ್ಟವಳು. ಎಷ್ಟೋ ಬೇಸಿಗೆ ಇಲ್ಲಿಯ ಸ್ಟ್ರಾಬೆರಿ ತೋಟಗಳಿಗೆ ಕೂಲಿಗೆ ಬಂದರೂ ನಿನ್ನ ಮನೆಯ ಮೆಟ್ಟಿಲು ಹತ್ತದವಳು.

ನೀನು ಆಸ್ಪತ್ರೆಗೆ ಹೋದ ಐದನೆಯ ದಿನ ಭದ್ರಾವತಿಯಿಂದ ಫೋನ್ ಬಂತು. ನನ್ನ ಮೈದುನ ತೀರಿಕೊಂಡಿದ್ದರು. ಹತ್ತು ದಿನ ಸೂತಕ. ಹನ್ನೊಂದನೆಯ ದಿನ ಬೆಳಿಗ್ಗೆ ತಲೆಗೆ ಸ್ನಾನ ಮಾಡಿ, ನನ್ನ ಅತ್ತೆ ಕಲಿಸಿದ ಹಾಗೆ ಮನೆ ಶುದ್ಧಿ ಮಾಡಿದೆ. ಫ್ರಿಜ್ಜಿನಲ್ಲಿದ್ದ ಹಳೆಯ ಅಡುಗೆ, ಹಿಟ್ಟು, ಎಲ್ಲ ಹೊರಗೆ. ಪಾತ್ರೆ ಪಗಡೆ ಎಲ್ಲ ಸಿಂಕಿಗೆ. ಕೊನೆಗೆ ಮೂಲೆಯಲ್ಲಿ ನಿನ್ನ ತೊಟ್ಟಿ ಕಾಣಿಸಿತು. ಸುತ್ತಲೂ ಮೆತ್ತಿದ ಹಿಟ್ಟು. ನಮ್ಮ ಮನೆಯಲ್ಲಿ ಅದಕ್ಕೆ ಮುಸುರೆ ಎನ್ನುತ್ತಾರೆ ಅಕ್ಕ. ಮುಸುರೆಯ ಪಾತ್ರೆ ಅಡುಗೆಮನೆಯಲ್ಲಿ ಒಂದು ಹೊತ್ತು ಉಳಿದರೆ ನನಗೆ ನಿದ್ದೆ ಬರುವುದಿಲ್ಲ. ನಿನ್ನ ಮಾತು ನೆನಪಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ನೆನಪಿತ್ತು. ತೊಳೆದು, ಒಣಗಿಸಿ, ಹೊಸ ಹಿಟ್ಟು ಕಲಸಿಟ್ಟರೆ ಆಯಿತು, ಇವರಿಗೆ ತೊಳೆಯುವುದು ತಿಳಿಯದು ಎಂದುಕೊಂಡೆ. ತಳದ ಹಿಟ್ಟನ್ನು ಕಸಕ್ಕೆ ಸುರಿದೆ. ಕುದಿಯುವ ನೀರು ಹಾಕಿ ತಿಕ್ಕಿದೆ. ಸೋಪು ಹಾಕಿ ತಿಕ್ಕಿದೆ. ಹುಣಸೆಹಣ್ಣು ಹಾಕಿ ತಿಕ್ಕಿದೆ. ಬಾಲ್ಕನಿಯಲ್ಲಿ ಎರಡು ದಿನ ಬಿಸಿಲಿಗೆ ಇಟ್ಟೆ. ಹೊಸದಾಗಿ ಕಡೆದಿಟ್ಟ ಹಾಗೆ ಕಾಣುತ್ತಿತ್ತು. ನಿನಗೆ ತೋರಿಸಿ ಹೊಗಳಿಸಿಕೊಳ್ಳಬೇಕು ಎಂದು ಆಸೆಯಾಗಿತ್ತು. ಈಗ ಅದನ್ನು ನೆನೆದರೆ...

ಆಸ್ಪತ್ರೆಯಲ್ಲಿ ನೀನು ಕಿಟಕಿಯ ಕಡೆ ಮುಖ ಮಾಡಿ ಮಲಗಿದ್ದೆ. ನಾನು ಹೋಗಿ ಕೂತ ಕೂಡಲೇ ನೀನು ಕೇಳಿದ್ದು ಅದನ್ನೇ. “ತೊಟ್ಟಿ ಹೇಗಿದೆ?” ನಾನು ಬಾಯಿ ತೆರೆಯುವ ಮೊದಲೇ ನೀನು ಹೇಳಿದೆ: “ಅಮ್ಮ ಅದನ್ನು ಒಂದು ಸಲವೂ ತೊಳೆದವಳಲ್ಲ. ಅಜ್ಜಿಯೂ ತೊಳೆದವಳಲ್ಲ. ಹಿಟ್ಟು ಖಾಲಿಯಾದರೂ ಹುಳಿ ಮರದಲ್ಲಿ ಇರುತ್ತೆ. ಅಮ್ಮ ಅಲ್ಲೇ ಇದ್ದಾಳೆ ಅಂದುಕೊಳ್ತೀನಿ ನಾನು.” ನೀನು ನನ್ನ ಮುಖ ನೋಡುತ್ತಿದ್ದೆ. “ಚೆನ್ನಾಗಿದೆ ಅಕ್ಕ” ಎಂದೆ. “ನೀನು ಇಟ್ಟ ಹಾಗೇ ಇದೆ.” ನೀನು ಕಣ್ಣು ಮುಚ್ಚಿದೆ. ಎರಡು ವಾರಕ್ಕೆ ಹೋಗಿಬಿಟ್ಟೆ. ನಂಬಿ ಹೋದೆಯೋ, ಗೊತ್ತಾಗಿಯೂ ಸುಮ್ಮನಾದೆಯೋ? ಈ ಪ್ರಶ್ನೆ ಹೊತ್ತುಕೊಂಡು ಬೇಸಿಗೆಯೆಲ್ಲ ಕಳೆದೆ. ಮಕ್ಕಳು ಸಣ್ಣವರಿದ್ದಾಗ ಒಂದು ಸುಳ್ಳಿಗೆ ಬಾಸುಂಡೆ ಬರುವ ಹಾಗೆ ಹೊಡೆದವಳು ನಾನು.

ಸೆಪ್ಟೆಂಬರ್‌ನಲ್ಲಿ ಮೊಮ್ಮಗಳು ಪೂರ್ಣಿ ಸ್ಟಾಸೆಗೆ ಫೋನ್ ಹಚ್ಚಿಕೊಟ್ಟಳು. ಸ್ಟ್ರಾಬೆರಿ ತೋಟದಲ್ಲಿ ಕಲಿತ ಸ್ವೀಡಿಷ್ ಅವಳಿಗೆ ಇನ್ನೂ ಮರೆತಿಲ್ಲ. ತೊಟ್ಟಿ ತರುತ್ತೇನೆ ಎಂದೆ. “ಕೊಡು ಅಂತ ಅವಳೇ ಹೇಳಿದಳಾ? ಬಾಯಿಬಿಟ್ಟು?” ಎಂದಳು. ಹೌದು ಎಂದೆ. “ಹಾಗಾದರೆ ಬಾ” ಎಂದು ಇಟ್ಟುಬಿಟ್ಟಳು. ತೊಳೆಯದೆ ತಾ ಎಂದು ಅವಳು ಹೇಳಲಿಲ್ಲ. ಯಾರಾದರೂ ತೊಳೆಯಬಹುದು ಎಂಬುದೇ ಅವಳ ತಲೆಗೆ ಬಂದಿರಲಾರದು. ಅವತ್ತು ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ನಾನು ಮಾಡಿದ ಕೆಲಸ ಕೇಳು. ರೈ ಹಿಟ್ಟಿಗೆ ನನ್ನ ಹುಳಿ ಬಂದ ದೋಸೆ ಹಿಟ್ಟು ಬೆರೆಸಿ, ಕೈಯಿಂದ ತೊಟ್ಟಿಯ ಒಳಗೋಡೆಗೆಲ್ಲ ಸವರಿದೆ. ಒಣಗಿದ ಮೇಲೆ ಇನ್ನೊಂದು ಸಲ ಸವರಿದೆ. ಬಣ್ಣ ಬರಲಿ ಎಂದು ಕಾಫಿ ಡಿಕಾಕ್ಷನ್ನು ಚಿಮುಕಿಸಿದೆ. ಮೂರು ದಿನಕ್ಕೆ ನಿನ್ನ ಅಮ್ಮನ ಕಾಲದ ತೊಟ್ಟಿಯ ಹಾಗೇ ಕಂಡಿತು. ಅರವತ್ತೆಂಟು ವಯಸ್ಸಿಗೆ ನಾನು ಕಳ್ಳಿಯಾದೆ.

ಪೂರ್ಣಿ ಯೋನ್‌ಶೋಪಿಂಗ್‌ನಲ್ಲಿ ಓದುತ್ತಾಳೆ. ರೈಲಿನಲ್ಲಿ ಅಲ್ಲಿಗೆ ಹೋದೆ. ಅಲ್ಲಿಂದ ಅವಳ ಕಾರು, ಕಾರ್ಲ್ಸ್‌ಹಾಮ್‌ನಿಂದ ಹಡಗು. ಸಮುದ್ರ ದಾಟುವಷ್ಟು ಹೊತ್ತೂ ತೊಟ್ಟಿಯನ್ನು ಮಡಿಲಿನಿಂದ ಇಳಿಸಲಿಲ್ಲ.

“ಅಜ್ಜಿ, ಫಿಕಾ ತಗೋಳೋಣ ಬನ್ನಿ, ಕೆಳಗೆ ಕಾಫಿ ಚೆನ್ನಾಗಿದೆ. ಇದನ್ನ ಕಾರಲ್ಲೇ ಇಡಬಹುದಿತ್ತು ಅಲ್ವಾ? ಯಾರೂ ಸ್ಟೀಲ್ ಮಾಡಲ್ಲ.”

“ನನಗೆ ಬೇಡ. ನೀನು ಹೋಗು.”

“ಇಷ್ಟು ಟೆನ್ಷನ್ ಯಾಕೆ? ಜಸ್ಟ್ ಒಂದು ಬಕೆಟ್ ತಾನೇ?”

“ಬಕೆಟ್ ಅನ್ನಬೇಡ” ಎಂದು ಗದರಿದೆ. ಗದರಿದ್ದು ಅವಳನ್ನಲ್ಲ.

ನಿನ್ನ ಊರಿನ ಅರಮನೆಯ ಬಗ್ಗೆ ನೀನು ಎಷ್ಟು ಜಂಬ ಕೊಚ್ಚುತ್ತಿದ್ದೆ! ಮೈಸೂರು ಅರಮನೆಯ ಫೋಟೋ ತೋರಿಸಿ, “ಇದರ ಕುದುರೆ ಲಾಯದಷ್ಟೂ ಇರಲಿಕ್ಕಿಲ್ಲ ನಿಮ್ಮದು” ಎಂದು ನಾನು ಹಂಗಿಸಿದಾಗ ನೀನು ಫೋಟೋವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಚೆನ್ನಾಗಿದೆ. ಇಲ್ಲಿ ನಿನಗೆ ಕೂರೋಕೆ ಬೆಂಚು ಎಲ್ಲಿದೆ?” ಎಂದಿದ್ದೆ. ಆ ಬೆಂಚು ನೋಡಿದೆ ಅಕ್ಕ. ಸ್ಟಾಸೆ ನಮ್ಮನ್ನು ನೇರ ಮನೆಗೆ ಕರೆದುಕೊಂಡು ಹೋಗಲಿಲ್ಲ. ಪಾರ್ಕಿನ ಗೇಟಿನಲ್ಲಿ ಕಾಯುತ್ತಿದ್ದಳು. ನಿನ್ನದೇ ಗಲ್ಲ, ನಿನ್ನದೇ ನಡಿಗೆ. ತಲೆಗೆ ಬಟ್ಟೆ ಕಟ್ಟಿದ್ದಳು. ತೊಟ್ಟಿಯನ್ನು ನೋಡಿದಳು, ಕೈ ಚಾಚಲಿಲ್ಲ. “ಮೊದಲು ಅವಳ ಜಾಗಗಳನ್ನು ನೋಡು. ಆಮೇಲೆ ಅದು” ಎಂದಳು. ತೊಟ್ಟಿ ಹೊತ್ತುಕೊಂಡೇ ಅವಳ ಹಿಂದೆ ನಡೆದೆ.

ನೀನು ಹೇಳಿದ್ದು ಒಂದೂ ಹೆಚ್ಚಲ್ಲ. ಬಿಳಿಯ ಅರಮನೆ, ಮಾಡಿನ ಅಂಚಿನಲ್ಲಿ ನಿಂತ ಕಲ್ಲಿನ ಯೋಧರು. ಕೆಂಪು ಇಟ್ಟಿಗೆಯ ಗಡಿಯಾರದ ಗೋಪುರ. ಕೆರೆಗಳ ಮೇಲೆ ಹಳದಿ ಎಲೆ ತೇಲುತ್ತಿದ್ದವು. ಒಬ್ಬ ಹೆಂಗಸು ತಳ್ಳುಗಾಡಿಯ ಮಗುವಿಗೆ ಬಾತು ತೋರಿಸುತ್ತಿದ್ದಳು. ದೊರೆಗಳು ಕಟ್ಟಿಸಿಕೊಂಡದ್ದರಲ್ಲಿ ಈಗ ಊರಿನವರೆಲ್ಲ ಚಪ್ಪಲಿ ಮೆಟ್ಟಿಕೊಂಡು ಓಡಾಡುತ್ತಾರೆ. ಪೂರ್ಣಿ ಬೋರ್ಡುಗಳನ್ನು ಓದಿ ಹೇಳುತ್ತಿದ್ದಳು, ನನ್ನ ಕಿವಿಗೆ ಬೀಳುತ್ತಿರಲಿಲ್ಲ. ಗುಡುಗಿನ ದೇವರ ಹೆಸರಿನ ಆ ಹಳೆಯ ಓಕ್ ಮರದ ಹತ್ತಿರ ಬಂದಾಗ ಮಾತ್ರ ಕಾಲು ತಾನಾಗಿ ನಿಂತಿತು. ಚಪ್ಪಲಿ ಬಿಟ್ಟು ಮೂರು ಸುತ್ತು ಬಂದೆ. ಪೂರ್ಣಿ ಆಚೆ ಈಚೆ ನೋಡಿ, “ಅಜ್ಜಿ, ಪ್ಲೀಸ್, ಎಲ್ಲರೂ ನೋಡ್ತಿದಾರೆ” ಎಂದಳು. ನೋಡಲಿ. ನಾನು ಬೇಡಿಕೊಂಡದ್ದು ಏನೆಂದು ಅವಳಿಗೆ ಗೊತ್ತಿರಲಿಲ್ಲ. ಅವಳ ಮೂಗು ಕಟ್ಟಿಬಿಡಲಿ ಎಂದು, ಸ್ಟಾಸೆಯ ಮೂಗು! ದೇವರ ಮುಂದೆ ಇಂಥದ್ದನ್ನು ಕೇಳಿದ್ದು ಅದೇ ಮೊದಲು.

ಮರದ ಆಚೆಯ ಕೆರೆಯನ್ನು ತೋರಿಸಿ ಸ್ಟಾಸೆ, “ಇಲ್ಲಿ ಐಸಿನ ಮೇಲೆ ಜಾರಿ ಆಲ್ದೋನಾ ಹಲ್ಲು ಮುರಿದುಕೊಂಡಳು” ಎಂದಳು.

ನನ್ನ ಬಾಯಿಂದ ಬಂದುಬಿಟ್ಟಿತು. “ನೀನು ತಳ್ಳಿದ್ದಂತೆ.”

“ಹಾಗಂತ ಹೇಳಿದಳಾ? ಸುಳ್ಳಿ!” ಸ್ಟಾಸೆ ಕೆರೆಯ ಕಡೆಗೇ ಕೂಗಿದಳು, ನೀನು ಆ ದಡದಲ್ಲಿ ನಿಂತಿರುವ ಹಾಗೆ. “ತಾನೇ ಓಡಿಹೋಗಿ ಬಿದ್ದಳು. ಮನೆಯಲ್ಲಿ ಏಟು ತಿಂದವಳು ನಾನು!” ನಕ್ಕಳು. ನಗುತ್ತಲೇ ತಲೆಯ ಬಟ್ಟೆಯ ತುದಿಯಿಂದ ಕಣ್ಣು ಒರೆಸಿಕೊಂಡಳು. ಬೆಂಚಿನಲ್ಲಿ ಕೂತೆವು. “ಅಮ್ಮ ಈ ದಾರಿಯಲ್ಲೇ ಬ್ರೆಡ್ಡು ತರೋಳು. ಬಿಸಿ ಬ್ರೆಡ್ಡು, ಕೋಟಿನ ಒಳಗೆ. ನಮ್ಮಿಬ್ಬರಿಗೂ ಸಮಸಮ ಮುರಿದು ಕೊಡೋಳು” ಎಂದಳು. ಆಗ ಮೊದಲ ಸಲ ತೊಟ್ಟಿಯ ಮುಚ್ಚಳದ ಮೇಲೆ ಅಂಗೈ ಇಟ್ಟಳು. ಸುಳ್ಳಿ ಎಂಬ ಮಾತು ನನ್ನ ಕಿವಿಯಲ್ಲಿ ಇನ್ನೂ ಸುತ್ತುತ್ತಿತ್ತು. ಅಲ್ಲೇ ಹೇಳಿಬಿಡಬಹುದಿತ್ತು. ಯಾಕೆ ಹೇಳಲಿಲ್ಲ?

ಅವಳ ಅಡುಗೆಮನೆಗೆ ಹೋದಾಗ ನೋಡಿದೆ, ಎಲ್ಲ ತಯಾರಿತ್ತು. ರೈ ಹಿಟ್ಟು ಜರಡಿ ಹಿಡಿದಿಟ್ಟಿದ್ದಳು. ನೀರು ಬೆಚ್ಚಗಿತ್ತು. ಒಲೆಯ ಪಕ್ಕ ತೊಟ್ಟಿಗೆ ಜಾಗ ಮಾಡಿ ಬಟ್ಟೆ ಹಾಸಿದ್ದಳು, ಬಾಣಂತಿಯ ಕೋಣೆಯ ಹಾಗೆ. ತೊಟ್ಟಿ ಇಟ್ಟು, ಮುಚ್ಚಳ ತೆಗೆದು, ಮುಖವನ್ನೇ ಒಳಗೆ ಇಳಿಸಿ ಉಸಿರೆಳೆದಳು. ಹಾಗೇ ನಿಂತಳು. ಇನ್ನೊಮ್ಮೆ ಎಳೆದಳು. ತಲೆ ಎತ್ತಿದಾಗ ಅವಳ ಹುಬ್ಬು ಗಂಟಾಗಿತ್ತು.

“ಇದೇನು ವಾಸನೆ?”

ಪೂರ್ಣಿ ಬಗ್ಗಿ ನೋಡಿದಳು. ಕನ್ನಡದಲ್ಲಿ ಪಿಸುಗುಟ್ಟಿದಳು: “ಅಜ್ಜಿ, ಮೆಂತ್ಯ! ದೋಸೆ ಹಿಟ್ಟಿನ ವಾಸನೆ ಬರ್ತಿದೆ. ಹೌ...?” ಆಮೇಲೆ ನನ್ನ ಮುಖ ನೋಡಿದಳು. ಜಾಣೆ. ಒಂದೇ ನೋಟಕ್ಕೆ ಎಲ್ಲ ಗೊತ್ತಾಯಿತು. “ಇರಿ, ನಾನು ಮ್ಯಾನೇಜ್ ಮಾಡ್ತೀನಿ. ಹಡಗಲ್ಲಿ ಏನೋ ಚೆಲ್ಲಿಬಿಡ್ತು ಅಂತ ಹೇಳ್ತೀನಿ. ಅವರಿಗೆ ಹೇಗೆ ಗೊತ್ತಾಗುತ್ತೆ?”

ನನ್ನ ಮೊಮ್ಮಗಳು ನನಗೋಸ್ಕರ ಸುಳ್ಳು ಹೇಳಲು ಬಾಯಿ ತೆರೆದಿದ್ದಳು. ಅದನ್ನು ನೋಡಲಾಗಲಿಲ್ಲ ಅಕ್ಕ. “ಬೇಡ. ಸುಮ್ನಿರು” ಎಂದೆ. ಸ್ಟಾಸೆಯ ಕಡೆ ತಿರುಗಿದೆ. ಸ್ವೀಡಿಷ್ ಪದಗಳೆಲ್ಲ ಓಡಿಹೋಗಿದ್ದವು. “ನಾನು ತೊಳೆದೆ” ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಎರಡೂ ಕೈ ಎತ್ತಿ, ಇಲ್ಲದ ತೊಟ್ಟಿಯನ್ನು ಗಾಳಿಯಲ್ಲಿ ತಿಕ್ಕಿ ತೋರಿಸಿದೆ.

ಅವಳು ಕುರ್ಚಿ ಎಳೆದು ಕೂತಳು. “ನೀರಲ್ಲಿ?”

“ಕುದಿಯೋ ನೀರಲ್ಲಿ.”

“ಸೋಪು?”

“ಸೋಪು. ಹುಣಸೆಹಣ್ಣು. ಹುಳಿ ಹಣ್ಣು. ಆಮೇಲೆ ಬಿಸಿಲಿಗೆ ಇಟ್ಟೆ.”

“ಬಿಸಿಲಿಗೂ ಇಟ್ಟೆಯಾ” ಎಂದಳು, ತನಗೆ ತಾನೇ. “ಅವಳಿಗೆ ಗೊತ್ತಿತ್ತಾ?”

“ಇಲ್ಲ. ಚೆನ್ನಾಗಿದೆ ಅಂತ ಹೇಳಿದೆ. ಸಾಯೋ ಮೊದಲು ಕೇಳಿದಳು. ಸುಳ್ಳು ಹೇಳಿದೆ.”

ಸ್ಟಾಸೆ ಎದ್ದು ಹಿತ್ತಲ ಬಾಗಿಲಿಂದ ಹೊರಗೆ ಹೋದಳು. ಕಿಟಕಿಯಿಂದ ಕಾಣುತ್ತಿದ್ದಳು. ಸೇಬಿನ ಗಿಡಗಳ ನಡುವೆ ಸುಮ್ಮನೆ ನಿಂತಿದ್ದಳು, ನಮ್ಮ ಕಡೆ ಬೆನ್ನು ಮಾಡಿ. “ಹೋಗೋಣ್ವಾ ಅಜ್ಜಿ?” ಎಂದಳು ಪೂರ್ಣಿ. ಕೂತ್ಕೋ ಎಂದೆ. ಗೋಡೆಯ ಗಡಿಯಾರ ಟಕಟಕ ಎನ್ನುತ್ತಿತ್ತು. ಜರಡಿ ಹಿಡಿದ ಹಿಟ್ಟು ಮೇಜಿನ ಮೇಲೆ ಹಾಗೇ ಇತ್ತು. ಪೂರ್ಣಿ ನನ್ನ ಕೈ ಹಿಡಿದುಕೊಂಡಳು. ನಾನು ಬಿಡಿಸಿಕೊಳ್ಳಲಿಲ್ಲ.

ಸ್ಟಾಸೆ ತಿರುಗಿ ಬಂದಾಗ ಅವಳ ಕೈಯಲ್ಲಿ ತೆಳ್ಳನೆಯ ಚಾಕು ಇತ್ತು. ನನ್ನತ್ತ ನೋಡದೆ ತೊಟ್ಟಿಯನ್ನು ಬೋರಲು ಹಾಕಿದಳು. ತಳದ ಹಲಗೆ ಸುತ್ತಿನ ಹಲಗೆಗಳಿಗೆ ಸೇರುವ ಸಂದಿಗೆ ಚಾಕುವಿನ ಮೊನೆ ಇಳಿಸಿ, ನಿಧಾನ ಎಳೆಯುತ್ತಾ ಹೋದಳು. ಕಪ್ಪು ಪುಡಿ ಉದುರಿತು. ಸಾಸಿವೆಯಷ್ಟು, ಆಮೇಲೆ ಮೆಣಸಿನ ಕಾಳಷ್ಟು ಒಂದು ಚೂರು. “ಇಲ್ಲಿಗೆ ನಿನ್ನ ಕೈ ಬಂದಿಲ್ಲ” ಎಂದಳು. ಎಲ್ಲ ಸೇರಿಸಿದರೂ ಒಂದು ಚಮಚ ತುಂಬಲಿಲ್ಲ. ಅದನ್ನು ಎರಡು ಪಾಲು ಮಾಡಿದಳು. ನಾನು ಸವರಿದ್ದನ್ನೆಲ್ಲ ಕೆರೆದು ತೆಗೆದು, ಒಂದು ಪಾಲನ್ನು ತೊಟ್ಟಿಯಲ್ಲಿ ಹಿಟ್ಟು ನೀರಿನ ಜೊತೆ ಕಲಸಿದಳು. ಇನ್ನೊಂದನ್ನು ಕಾಗದದಲ್ಲಿ ಮಡಿಸಿ ನನ್ನ ಮುಂದೆ ತಳ್ಳಿದಳು.

“ನನಗೆ ಯಾಕೆ?” ಎಂದೆ.

“ಒಂದೇ ಕಡೆ ಇದ್ದರೆ ಒಂದೇ ಸಲ ಸಾಯುತ್ತೆ. ಅವಳು ನಿನ್ನ ಕೈಗೆ ಕೊಟ್ಟಳು, ನನ್ನ ಕೈಗಲ್ಲ. ಏನೋ ಕಂಡಿರಬೇಕು.”

“ನಿನಗೆ ಕೋಪ ಇಲ್ಲವಾ?”

“ಕೋಪ ಮನೆಯವರ ಮೇಲೆ. ನೀನು ಹೊರಗಿನವಳು” ಎಂದಳು.

ಎರಡೂ ಕೆನ್ನೆಗೆ ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ವಾಪಸ್ ಬರುವಾಗ ಹಡಗಿನಲ್ಲಿ ಪೂರ್ಣಿ, “ಅಜ್ಜಿ, ಯು ನೋ, ನೀವು ಸಾರಿ ಹೇಳಿದ್ದು ನಾನು ಇದೇ ಫಸ್ಟ್ ನೋಡಿದ್ದು” ಎಂದಳು. ನಾನು ಸಾರಿ ಎಂಬ ಪದ ಹೇಳಿರಲಿಲ್ಲ. ಅವಳಿಗೆ ಕೇಳಿಸಿತ್ತು.

ಅಂದಿನಿಂದ ದಿನಾ ಬೆಳಿಗ್ಗೆ ಎಂಟಕ್ಕೆ ಸ್ಟಾಸೆಯ ಫೋನ್. “ಏನಾದರೂ?” “ಇನ್ನೂ ಇಲ್ಲ.” “ಇಲ್ಲೂ ಇಲ್ಲ.” ಅಷ್ಟೇ, ಇಟ್ಟುಬಿಡುತ್ತಾಳೆ. ನಿನ್ನೆ ಅವಳ ದನಿ ಇಳಿದಿತ್ತು. ತೊಟ್ಟಿಯಲ್ಲಿ ಬೂಷ್ಟು ಬಂದ ಹಾಗಿದೆಯಂತೆ. ಅಂದರೆ ಉಳಿದಿರುವುದು ಈ ಭರಣಿ ಒಂದೇ. ಹೊಸ ಬಾಡಿಗೆಯವರು ನಿನ್ನ ಮನೆಯಲ್ಲಿ ಕುರ್ಚಿ ಎಳೆದ ಸದ್ದು ಈಗ ಕೇಳಿಸಿತು. ನೀನೇ ಅಂದುಕೊಂಡೆ ಒಂದು ಕ್ಷಣ. ಮೇಲಿಂದ ಇಳಿದು ಬಂದು ಇದಕ್ಕೆ ಏನು ಕಮ್ಮಿಯಾಗಿದೆ ಎಂದು ಒಂದು ಮಾತು ಹೇಳಬಾರದೇ? ನೀರು ಹೆಚ್ಚಾಯಿತೋ? ಈ ಮನೆಯ ಗಾಳಿಯಲ್ಲೇ ಸೋಪು ಇದೆಯೋ? ನನ್ನ ಕೈಯಲ್ಲೇ ಏನಾದರೂ...

ಇಷ್ಟು ಬರೆದು ಪೆನ್ನು ಮುಚ್ಚಿಟ್ಟಿದ್ದೆ. ಇದು ಮಾರನೆಯ ಬೆಳಿಗ್ಗೆ.

ಆರು ಗಂಟೆಗೆ ಎದ್ದು, ಹಲ್ಲು ಕೂಡ ಉಜ್ಜದೆ ಭರಣಿಯ ಹತ್ತಿರ ಹೋದೆ. ಹಿಟ್ಟಿನ ಮೈ ಒಡೆದಿತ್ತು. ನಡುವೆ ಒಂದು ಗುಳ್ಳೆ, ಅಂಚಿನಲ್ಲಿ ಮೂರು. ನಾನು ನೋಡುತ್ತಿದ್ದ ಹಾಗೇ ಒಂದು ಒಡೆಯಿತು. ಮುಚ್ಚಳ ತೆಗೆದು ಮೂಗು ಇಟ್ಟೆ. ಪೆಟ್ಟಿಗೆಯಲ್ಲಿ ಮುಚ್ಚಿಟ್ಟ ಸೇಬಿನ ಸಿಪ್ಪೆ. ಅಕ್ಕ, ಅದೇ ವಾಸನೆ. ಪೂರ್ಣಿಗೆ ಫೋನ್ ಮಾಡಿದರೆ ನಿದ್ದೆಗಣ್ಣಲ್ಲಿ, “ಅಜ್ಜಿ, ರೈ ಹಿಟ್ಟನ್ನ ಸುಮ್ನೆ ನೆನೆಸಿಟ್ರೂ ಐದು ದಿನಕ್ಕೆ ಹುಳಿ ಬರುತ್ತೆ, ಗೊತ್ತಾ? ಇಟ್ಸ್ ಬಯಾಲಜಿ” ಎಂದಳು. ಇರಬಹುದು. ಇಪ್ಪತ್ತೇಳು ವರ್ಷ ನಿನ್ನ ಬ್ರೆಡ್ಡು ತಿಂದ ಮೂಗು ನನ್ನದು, ಅವಳದಲ್ಲ.

ಎಂಟಾಗುವವರೆಗೆ ತಡೆಯಲಾಗಲಿಲ್ಲ. ನಾನೇ ಪ್ಲುಂಗೆಗೆ ಫೋನ್ ಹಚ್ಚಿದೆ. “ಎದ್ದಿದೆ” ಎಂದೆ. ಸ್ಟಾಸೆ ಎರಡು ಸಲ ಕೇಳಿದಳು, ವಾಸನೆ ಏನು ಎಂದು ಕೇಳಿದಳು, ಬಣ್ಣ ಕೇಳಿದಳು. ಆಮೇಲೆ, “ಮೇಲೆ ಏನು ಮುಚ್ಚಿದ್ದೀಯಾ?”

“ತೆಳು ಬಟ್ಟೆ ಇತ್ತು. ಧೂಳು ಬೀಳುತ್ತೆ ಅಂತ ನಿನ್ನೆ ಸಂಜೆ ಮುಚ್ಚಳ ಬಿಗಿ ಮಾಡಿದೆ.”

“ಬಿಗಿಯಾ?” ಅವಳ ದನಿ ಅಡುಗೆಮನೆಯೆಲ್ಲ ತುಂಬಿತು. “ತೊಳೆದು ಸಾಯಿಸೋಕೆ ನೋಡಿದೆ, ಆಗಲಿಲ್ಲ. ಈಗ ಉಸಿರು ಕಟ್ಟಿಸ್ತೀಯಾ? ಈಗಲೇ ತೆಗಿ! ತಲೆಯಲ್ಲಿ ಏನಿದೆ ನಿನಗೆ, ಪೆದ್ದಿ? ಆಲ್ದೋನಾ ಏನೂ ಕಲಿಸಲಿಲ್ಲವಾ? ಅವಳೂ ಹೀಗೇ, ಹೇಳಿದ್ದು ಕೇಳ್ತಿರಲಿಲ್ಲ...” ಆಮೇಲೆ ಅವಳ ಭಾಷೆಗೇ ಇಳಿದಳು. ಎರಡು ನಿಮಿಷ ಬೈದಳು. ಒಂದು ಪದವೂ ತಿಳಿಯಲಿಲ್ಲ. ನನ್ನ ಅತ್ತೆ ತೀರಿಹೋದ ಮೇಲೆ ನನ್ನನ್ನು ಪೆದ್ದಿ ಎಂದವರು ಯಾರೂ ಇಲ್ಲ. ನಾನು ಫೋನು ಕಿವಿಗೆ ಒತ್ತಿಕೊಂಡು ಒಂದು ಮಾತೂ ಎದುರಾಡದೆ ಕೇಳಿದೆ. ಹೊರಗಿನವರನ್ನು ಯಾರೂ ಹಾಗೆ ಬೈಯುವುದಿಲ್ಲ, ಅಲ್ಲವಾ ಅಕ್ಕ?

ಬೈದು ಮುಗಿದ ಮೇಲೆ ಉಸಿರೆಳೆದುಕೊಂಡು, “ಇಲ್ಲಿ ನನ್ನದು ಸತ್ತಿದೆ” ಎಂದಳು. ನಾನು ಭರಣಿ ತರುತ್ತೇನೆ, ಮುಂದಿನ ವಾರವೇ ಹಡಗು ಹತ್ತುತ್ತೇನೆ ಎಂದೆ. “ಬೇಡ” ಎಂದಳು. “ತೊಟ್ಟಿ ಹೊತ್ತುಕೊಂಡು ನಾನೇ ಬರ್ತೀನಿ. ಅವಳನ್ನು ಎಲ್ಲಿ ಮಲಗಿಸಿದ್ದೀರಿ ಅಂತ ನನಗೆ ತೋರಿಸು. ಅಲ್ಲಿಗೆ ಬ್ರೆಡ್ಡು ತಗೊಂಡು ಹೋಗೋಣ. ಸಮಸಮ ಮುರಿಯೋಣ.”

ಕೇಳಿಸಿತೇ? ನಿನ್ನ ತಂಗಿ ಬರುತ್ತಾಳೆ. ನಿನ್ನ ಮೆಟ್ಟಿಲು ಹತ್ತಿದ ಮೇಲೆ, ಅವಳನ್ನು ಅಲ್ಲಿಗೆ ಕರೆದುಕೊಂಡು ಹೋಗುವ ಮೊದಲು, ನೆಲಮಾಳಿಗೆಯ ಮೆಷಿನ್ನನ್ನೂ ತೋರಿಸುತ್ತೇನೆ. ನಗಲಿ.

ಈಗ ಸೊಸೆ ಸುಧಾ ಕೆಲಸಕ್ಕೆ ಹೊರಡುವ ಮೊದಲು ಅಡುಗೆಮನೆಗೆ ಬಂದಳು. ಭರಣಿಯ ಕಂಠದಿಂದ ಹಿಟ್ಟು ಇಳಿದು ಒಣಗಿ ಹಿಡಿದಿತ್ತು. ಇಷ್ಟು ವರ್ಷದ ನನ್ನ ಹೆದರಿಕೆ ಅವಳಿಗೆ. ಓಡಿಹೋಗಿ ಒದ್ದೆ ಬಟ್ಟೆ ತಂದಳು. “ಅಯ್ಯೋ ಅತ್ತೆ, ಮುಸುರೆ ಹಾಗೇ ಇದೆ, ನಾನು ನೋಡಲೇ ಇಲ್ಲ...”

“ಮುಟ್ಟಬೇಡ” ಎಂದೆ. “ಅದು ಹಾಗೇ ಇರಲಿ.”

ನನಗೆ ಜ್ವರ ಬಂದಿದೆಯೇನೋ ಎಂಬ ಹಾಗೆ ನೋಡಿ, ಬಟ್ಟೆ ಹಿಡಿದುಕೊಂಡೇ ನಿಂತಿದ್ದಾಳೆ. ಅವಳಿಗೆ ಆಮೇಲೆ ಹೇಳುತ್ತೇನೆ. ನಿನಗೆ ಈಗ ಹೇಳುತ್ತೇನೆ, ಈ ಸಲ ಸುಳ್ಳಲ್ಲ: ಚೆನ್ನಾಗಿದೆ ಅಕ್ಕ. ನಾನು ಇರುವವರೆಗೆ ಈ ಭರಣಿಗೆ ತೊಳೆಯುವ ನೀರು ತಾಗುವುದಿಲ್ಲ.

ಕೆಳಗಿನ ಮನೆಯ
ಸಾವಿತ್ರಿ